ಕುಕ್ಕರಿನ ಹಿಡಿ

ಇವಳೇ,

ನೀನು ಹೋಗಿ ವರ್ಷವಾಗುತ್ತಾ ಬಂತು. ಇವತ್ತು ಕುಕ್ಕರಿನ ಹಿಡಿ ಕೈಗೇ ಬಂತು. ಅದೇ, ನೀನು ಚಿಂದಿ ಸುತ್ತಿ ವರ್ಷಗಟ್ಟಲೆ ಕಾಲ ತಳ್ಳಿದ ಹಿಡಿ. ಬೀಳುವ ಕುಕ್ಕರನ್ನು ತಡೆಯಲು ಹೋಗಿ ಹೆಬ್ಬೆರಳು ಸುಟ್ಟುಕೊಂಡೆ. ನಿನ್ನ ಹೆಬ್ಬೆರಳಿನಲ್ಲೂ ಇಲ್ಲೇ ಒಂದು ಕಪ್ಪು ಕಲೆಯಿತ್ತು. ಹುಟ್ಟುಮಚ್ಚೆ ಎಂದೇ ತಿಳಿದಿದ್ದೆ.

ಸರಿ ಮಾಡಿಸಿ ಎಂದು ನೀನು ಕೇಳಿದಾಗಲೆಲ್ಲ "ಭಾನುವಾರ ಖಂಡಿತ" ಎನ್ನುತ್ತಿದ್ದೆನಲ್ಲ, ಅದಕ್ಕೆ ಕಾಲೇಜಿನಲ್ಲಿ ಒಂದು ಉದ್ದನೆಯ ಇಂಗ್ಲಿಷ್ ಪದ ಕಲಿಸಿದ್ದರು. ಪ್ರೊಕ್ರಾ... ಏನೋ. ಇರಲಿ, ನಾಳೆ ನಾಳೆ ಎಂದು ಮುಂದೂಡುವುದು ಎಂಬ ಅರ್ಥ ಮರೆತಿಲ್ಲ.

ರಿಪೇರಿಯವನ ಹತ್ತಿರ ಒಯ್ದೆ.

"ಎಸೀರಿ ಯಜಮಾನ್ರೇ, ಇದಕ್ಕೆ ನಿಮ್ಮಷ್ಟೇ ವಯಸ್ಸಾಗಿದೆ."

"ಹಾಗಾದ್ರೆ ನನ್ನನ್ನೂ ಎಸೀಬೇಕಾಗುತ್ತೆ. ಮೊದಲು ಇದನ್ನ ನೋಡಪ್ಪ."

ನಕ್ಕ. ಚಿಂದಿ ಬಿಚ್ಚಿ, ಹೊಸ ಸ್ಕ್ರೂ ಹಾಕಿ ತಿರುಗಿಸಿದ. ನಾನು ಕೂರಲು ಸ್ಟೂಲು ಎಳೆದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಇಷ್ಟೇನಾ?" ಎಂದೆ.

"ಇಷ್ಟೇ. ಎಷ್ಟು ದಿನದಿಂದ ಹೀಗಿತ್ತು?"

"ಮೊನ್ನೆಯಿಂದ" ಎಂದು ಸುಳ್ಳು ಹೇಳಿದೆ.

ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಅಡುಗೆಮನೆಯ ಕಡೆ ಕೂಗಿಬಿಟ್ಟೆ: "ಹಿಡಿ ಹಾಕಿಸ್ಕೊಂಡು ಬಂದೆ ಕಣೇ!"