ತಾಳೆಗರಿಯಲ್ಲಿ ಉಜ್ಜಿದ ಮುಖ

ಅಪ್ಪ,

ಇದನ್ನು ಓದಲು ನೀನಿಲ್ಲ. ಆದರೂ ಕೇಳಬೇಕಿದೆ.

ಇಂದು ಕಾಲೇಜಿನಲ್ಲಿ ಎಣ್ಣೆಬಣ್ಣದಲ್ಲಿ ನಿನ್ನ ಮುಖ ಬರೆದೆ. ಬೆಳಕಿಗೆ ಕೆಂಪು, ನೆರಳಿಗೆ ವರ್ಣಚಕ್ರದಲ್ಲಿ ಅದರ ಎದುರಿಗಿರುವ ಹಸಿರು. ಲೇತಿನಲ್ಲಿ ತಿರುಗುವ ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚಿ ನೀನು ಉಜ್ಜುತ್ತಿದ್ದ ಹಾಗೆ, ಹೊಳಪು ಬರಲೆಂದು ತಾಳೆಗರಿಯಲ್ಲಿ ಉಜ್ಜಿಬಿಟ್ಟೆ. ಹಸಿ ಬಣ್ಣಗಳೆರಡೂ ಕಲೆತು ಮುಖವೆಲ್ಲ ಬೂದು.

"ಇದು ಅರಗಿನ ಬಣ್ಣ ಅಲ್ಲ ಕಣವ್ವ, ಒಣಗಾಕೆ ವಾರ ಬೇಕು. ಕೆರೆದುಬುಟ್ಟು ಮತ್ತೆ ಬರಿ," ಎಂದರು ಮೇಷ್ಟ್ರು.

ಕೆರೆದೆ. ಮತ್ತೆ ಯಾವ ಬಣ್ಣ ಹಚ್ಚಲಿ? ಅವ್ವ ನಿನ್ನ ಮೈಬಣ್ಣ ಎಣ್ಣೆಗೆಂಪು ಎನ್ನುತ್ತಾಳೆ, ಫೋಟೋದಲ್ಲಿ ಕಪ್ಪಗಿದ್ದೀಯ. ಲೇತಿನ ಮುಂದೆ ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ. ಗೊಂಬೆ ಕೆಲಸ ಬಿಟ್ಟು ಬಿಡದಿಯ ಫ್ಯಾಕ್ಟರಿ ಸೇರಿದ ಮೇಲೆ ನೀನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದೆ.

ನಿನ್ನ ಉಗುರಿನಡಿಯ ಅರಗಿನ ಕೆಂಪೊಂದೇ ಸರಿಯಾಗಿ ನೆನಪಿದೆ. ಅದನ್ನು ಮುಖದಲ್ಲಿ ಎಲ್ಲಿಡಲಿ?