ತಂಗಡಿಯ ಬೇರಿನ ಮೇಲೆ ಟೈಲ್ಸ್ ಹಾಸುವವರಿಗೆ

ಹಸಿರೀಕರಣ ವಿಭಾಗದ ಮಾನ್ಯ ಅಧಿಕಾರಿಗಳೇ,

ಹೈದರಾಬಾದಿನ ಸನತ್‌ನಗರದ ಹಳೆಯ ಕಾರ್ಖಾನೆಗಳ ಹಿಂದಿರುವ ಬಂಡೆಗಲ್ಲಿನ ಜಾಗವನ್ನು ಹಸಿರು ಮಾಡಲೆಂದು ಕಳೆದ ವರ್ಷ ತಾವು ಅಲ್ಲಿದ್ದ ಹಸಿರನ್ನೆಲ್ಲ ಜೆಸಿಬಿಯಿಂದ ಕೆರೆಸಿ ತೆಗೆಸಿದಿರಿ. ಈಗ ಉಳಿದ ನೆಲಕ್ಕೆ ಟೈಲ್ಸ್ ಹಾಸಲು ಹೊರಟಿದ್ದೀರಿ. ಲಾರಿ ಬಂದು ಟೈಲ್ಸ್ ಇಳಿಸಿ ಹೋಗಿದೆ. ಮುಂಗಾರಿಗೆ ಮೊದಲೇ ಕೆಲಸ ಮುಗಿಯಬೇಕೆಂದು ತಮ್ಮ ಅಪ್ಪಣೆಯಾಗಿದೆಯಂತೆ. ಅದು ನಿಲ್ಲಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ನಿಲ್ಲಬೇಕು, ನಿಲ್ಲದಿದ್ದರೆ ನಾವೇನು ಮಾಡುತ್ತೇವೆ ಎಂಬುದು ಮುಂದಿನ ಮಾತು.

ತೆಲಂಗಾಣದ ಅಧಿಕಾರಿಗೆ ಕನ್ನಡದಲ್ಲಿ ಪತ್ರವೇಕೆ ಎಂದು ಈ ಪತ್ರಿಕೆಯ ಓದುಗರು ಕೇಳಬಹುದು. ತಾವು ಕೇಳಲಾರಿರಿ. ತಾವು ನಮ್ಮನ್ನು ಕೆಡಿಸಿದ್ದು ಕನ್ನಡದಲ್ಲೇ.

ನನ್ನನ್ನು ತಾವು ಒಮ್ಮೆ ನೋಡಿದ್ದೀರಿ, ನೆನಪಿರಲಿಕ್ಕಿಲ್ಲ. ಜಾಗ ಕೆರೆಸಿದ ಮೇಲೆ ಕೇಳೋಣವೆಂದು ತಮ್ಮ ಕಚೇರಿಗೆ ಬಂದಿದ್ದೆ. ಮಂದಿಯ ಮುಂದೆ ನಿಂತು ಮಾತಾಡಲು ನನಗೆ ಬಾರದು. ತಾವು ಮೊಬೈಲಿನಿಂದ ಕಣ್ಣೆತ್ತದೆ, "ಏನ್ ಓದೀಯವ್ವಾ?" ಅಂದಿರಿ. ಸಾಹಿತ್ಯ ಎಂದೆ. "ಮತ್ತ ಗಿಡದ ಉಸಾಬರಿ ನಿನಗ್ಯಾಕ ಬೇಕು?" ಅಂದಿರಿ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ನಕ್ಕರು. ನಾನು ಹೊರಗೆ ಬಂದೆ. ತಮ್ಮ ಕೋಣೆಯ ಗೋಡೆಯ ಮೇಲೆ ರಾಜ್ಯಪುಷ್ಪದ ದೊಡ್ಡ ಚಿತ್ರವಿತ್ತು. ಚಿನ್ನದ ಬಣ್ಣದ ತಂಗಡಿ ಹೂವು, ಗಾಜಿನ ಚೌಕಟ್ಟಿನೊಳಗೆ. ನೆಲದ ಮೇಲಿದ್ದಾಗ ಕಳೆ, ಗೋಡೆಗೇರಿದಾಗ ರಾಜ್ಯಪುಷ್ಪ. ಒಂದು ಗಿಡಕ್ಕೆ ಇಷ್ಟು ಬೇಗ ಬಡ್ತಿ ಕೊಡುವ ಇಲಾಖೆ ಇನ್ನೊಂದು ಇರಲಾರದು.

ತಾವು ಪೊದೆ ಎಂದು ಬರೆದುಕೊಂಡ ಆ ಜಾಗ ಏನಾಗಿತ್ತೆಂದು ಓದುಗರಿಗೆ ಹೇಳಬೇಕು. ಬಂಡೆಗಳ ಸಂದಿಯಲ್ಲಿ ತಂಗಡಿ ತಾನಾಗಿಯೇ ಬೆಳೆದಿತ್ತು. ಅದರ ಬುಡದಲ್ಲಿ ಉತ್ತರಾಣಿ, ತೆಲುಗಿನವರು ಗುನುಗು ಎನ್ನುವ ಬೆಳ್ಳಿ ಬಣ್ಣದ ಅಣ್ಣೆ ಹೂವು, ಮೊಣಕಾಲುದ್ದದ ಹುಲ್ಲು. ನವರಾತ್ರಿಯಲ್ಲಿ ಹೂವುಗಳನ್ನೇ ಗೋಪುರದಂತೆ ಪೇರಿಸಿ ಬತುಕಮ್ಮ ದೇವಿಯನ್ನು ಮಾಡುವ ತೆಲುಗು ಹೆಂಗಸರಿಗೆ ತಂಗಡಿ, ಗುನುಗು ಇಲ್ಲದೆ ಆಗದು. ಕನ್ನಡ ಸೀಮೆಯಿಂದ ದುಡಿಯಲು ಬಂದ ನಮ್ಮಂಥವರ ಮನೆಗಳಲ್ಲಿ ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ ಕೂರಿಸುತ್ತೇವೆ. ಅವರ ತಲೆಗೂ ಅದೇ ತಂಗಡಿ ಹೂವೇ ಆಗಬೇಕು. ಬತುಕಮ್ಮ ಮೊದಲು ಬರುತ್ತಾಳೆ, ಪಾಂಡವರು ಆಮೇಲೆ. ಹೀಗಾಗಿ ಒಂದು ವರ್ಷ ನಮ್ಮ ಓಣಿಯ ಗದಿಗೆಮ್ಮ, ಗಾರೆ ಕೆಲಸಕ್ಕೆ ಹೋಗುವಾಕೆ, ಹಬ್ಬದ ಮುಂಜಾನೆ ಬುಟ್ಟಿ ಹಿಡಿದು ಹೋದರೆ ಗಿಡದಲ್ಲಿ ಒಂದು ಹೂವೂ ಇರಲಿಲ್ಲ. ಎಮ್ಮೆ ಕಟ್ಟಿ ಹಾಲು ಮಾರುವ ಯಾದಮ್ಮನ ಮನೆ ಮುಂದೆ ನೆಟ್ಟಗೆ ಹೋಗಿ ನಿಂತಳು.

"ಒಂದ್ ಟೊಂಗಿನೂ ಬಿಟ್ಟಿಲ್ಲಲ್ಲ ಯಾದಮ್ಮಕ್ಕ. ಪಾಂಡವ್ರ ತಲಿಗಿ ಏನ್ ನಿನ್ನ ಸೆರಗ ಹರದು ಕಟ್ಲೇನು?"

ಯಾದಮ್ಮನಿಗೆ ನಮ್ಮ ಭಾಷೆ ಅರ್ಧ ಬರುತ್ತದೆ, ಜಗಳಕ್ಕೆ ಪೂರ್ತಿ ಬರುತ್ತದೆ. "ನಿಮ್ ದ್ಯಾವ್ರು ಸಗಣಿದು, ಅದಕ್ಕ್ಯಾತಕ್ಕ ಬಂಗಾರದ ಹೂವು?"

"ಸಗಣಿ ನಿನ್ನ ಎಮ್ಮೀದ ಐತಿ. ಅದನ್ನೂ ವಾಪಸ್ ಇಸ್ಕೊಂಬಿಡು."

ಓಣಿಯೆಲ್ಲ ನಕ್ಕಿತು, ಯಾದಮ್ಮನೂ ನಕ್ಕಳು. ಆ ನಗೆಯಿಂದ ಒಂದು ಒಪ್ಪಂದ ಹುಟ್ಟಿತು. ದೊಡ್ಡ ಬಂಡೆಯ ಮೂಡಣದ ಗಿಡಗಳು ಬತುಕಮ್ಮನಿಗೆ, ಪಡುವಣದವು ಪಾಂಡವರಿಗೆ. ಎರಡೂ ಕಡೆ ತುದಿಯ ಹೂವನ್ನು ಯಾರೂ ಮುಟ್ಟುವಂತಿಲ್ಲ, ಅದು ಬೀಜಕ್ಕೆ. ಹುಲ್ಲನ್ನು ಅದರ ಕಾಳು ಉದುರಿದ ಮೇಲಷ್ಟೇ ಯಾದಮ್ಮನ ಎಮ್ಮೆಗಳಿಗೆ ಕೊಯ್ಯುವುದು. ಭಾಗ ಮಾಡಿಕೊಂಡದ್ದನ್ನು ಕಾಯಲೂಬೇಕಲ್ಲ? ಫೌಂಡ್ರಿಯ ಬೂದಿ ಸುರಿಯಲು ಬರುತ್ತಿದ್ದ ಟ್ರ್ಯಾಕ್ಟರುಗಳಿಗೆ ಹೆಂಗಸರು ಅಡ್ಡ ನಿಂತರು. ಲಂಟಾನಾ ಕಿತ್ತು ಮುಳ್ಳುಬೇಲಿ ಹಾಕಿದರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿ ನಿವೃತ್ತರಾದ ನನ್ನ ಅಪ್ಪ ಬೂದೆಪ್ಪ, ಗಂಡಸರಲ್ಲಿ ಅವರೊಬ್ಬರೇ, ಬೇಲಿ ಕಟ್ಟಲು ನಿಂತರು. ಕೆಲವು ವರ್ಷಗಳಲ್ಲಿ ಗೌಜಲಹಕ್ಕಿ ಬಂದು ಹುಲ್ಲಿನೊಳಗೆ ಮರಿ ಮಾಡಿತು. ಮಳೆ ನಿಂತ ಮೇಲೆ ಹಳದಿ ಚಿಟ್ಟೆಗಳು ಎಷ್ಟು ಬರುತ್ತಿದ್ದವೆಂದರೆ ಹೂ ಯಾವುದು, ಚಿಟ್ಟೆ ಯಾವುದು ಎಂದು ಕೈ ಚಾಚಿದ ಮೇಲೆಯೇ ಗೊತ್ತಾಗುತ್ತಿತ್ತು. ಇದಕ್ಕೆ ಯಾವ ಸಂಘವೂ ಇರಲಿಲ್ಲ, ಅಧ್ಯಕ್ಷರೂ ಇರಲಿಲ್ಲ. ಬಹುಶಃ ನಮ್ಮ ತಪ್ಪು ಅದೇ. ಅಧ್ಯಕ್ಷರಿದ್ದಿದ್ದರೆ ತಾವು ಅವರಿಗೊಂದು ಶಾಲು ಹೊದಿಸಿ ಹೋಗುತ್ತಿದ್ದಿರಿ.

ಕಳೆದ ಶ್ರಾವಣದಲ್ಲಿ ತಮ್ಮ ಜೀಪು ಬಂತು. ತಾವು ಬೇಲಿಯ ಹತ್ತಿರ ನಿಂತು ಯಾರೊಡನೆಯೋ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದಿರಿ. ಹೊರಗೆ ತೆಲುಗು, ಹಿಂದಿಯಲ್ಲೇ ಬದುಕುವ ನಮ್ಮಂಥವರ ಕಿವಿಗೆ ಅಧಿಕಾರದ ಬಾಯಿಂದ ನಮ್ಮ ಮಾತು ಬಿದ್ದರೆ ಏನಾಗುತ್ತದೆಂದು ತಮಗೆ ಗೊತ್ತು. ಗೊತ್ತಿದ್ದೇ ಬಳಸಿದಿರಿ.

"ಯಾ ಊರ್ರಿ ಸಾಹೇಬ್ರ ನಿಮ್ದು?" ಅಪ್ಪ ಕೇಳಿದರು.

"ಭಾಲ್ಕಿ ಕಡಿ. ನಿಮ್ದು?"

"ಸೇಡಂ ಹತ್ರ ರೀ."

"ಹಂಗಾದ್ರ ನಾವು ನೀವು ಒಂದ ಆದ್ವಲ್ಲ ಕಾಕಾ."

ಅಪ್ಪನಿಗೆ ಇನ್ನೇನು ಬೇಕಿತ್ತು? ಚಹಾ ಬಂತು. ಬಂಡೆ ಬಂಡೆಗೂ ಕರೆದೊಯ್ದು ತೋರಿಸಿದರು. ಟ್ರ್ಯಾಕ್ಟರುಗಳ ಕಾಟ ಹೇಳಿ, ರಸ್ತೆಯ ಕಡೆಗೊಂದು ಗಿಡ್ಡ ಗೋಡೆ ಆದರೆ ಸಾಕೆಂದು ಬೇಡಿದರು. ತಾವು ಚಹಾ ಕುಡಿಯುತ್ತ ಒಂದೇ ಒಂದು ಪ್ರಶ್ನೆ ಕೇಳಿದಿರಿ: "ಈ ಜಾಗದ ಮ್ಯಾಲ ಯಾರ್ದರ ಕೇಸು ಗೀಸು ಐತೇನು?" "ಇಲ್ರಿ, ಯಾರ್ದೂ ತಕರಾರಿಲ್ಲ. ನಮ್ಮ ಹೆಣ್ಮಕ್ಕಳು ನೋಡ್ಕೋತಾರ." ತಮಗೆ ಬೇಕಾಗಿದ್ದ ಮಾತು ಸಿಕ್ಕಿತು. "ಚಿಂತಿ ಮಾಡಬ್ಯಾಡ ಕಾಕಾ, ನಾ ಅದೀನಲ್ಲ" ಎಂದು ಜೀಪು ಹತ್ತಿದಿರಿ.

ಜೀಪು ಸುಮ್ಮನೆ ಬಂದಿರಲಾರದೆಂದು ಆ ವಾರ ಯಾದಮ್ಮ ಮತ್ತು ಗದಿಗೆಮ್ಮ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಜಾಗ ಮುಟ್ಟಬೇಡಿ ಎಂದು ತಮ್ಮ ಮೇಲಿನ ದೊಡ್ಡ ಸಾಹೇಬರಿಗೆ ಮನವಿ ಕೊಡಲು ಹೊರಟಿದ್ದರು. ತಡೆದವರು ಅಪ್ಪ. "ಬ್ಯಾಡ್ರವ್ವಾ, ಸಾಹೇಬ್ರು ನಮ್ಮವ್ರೇ ಅದಾರ. ಗ್ವಾಡಿ ಹಾಕಿಸಿ ಕೊಡ್ತಾರ."

ಗೋಡೆ ಬಂತು, ನಿಜ. ಬತುಕಮ್ಮನಿಗೆ ಒಂದು ವಾರ ಉಳಿದಿರುವಾಗ, ಗಿಡಗಳು ಮೊಗ್ಗು ಕಟ್ಟಿ ನಿಂತಿರುವಾಗ, ಜೆಸಿಬಿಯೂ ಬಂತು. ಹೆಂಗಸರು ಕೆಲಸಕ್ಕೆ ಹೋಗಿದ್ದ ಹೊತ್ತು. ಅಪ್ಪ ಯಂತ್ರದ ಮುಂದೆ ನಿಂತು, ಸಾಹೇಬರು ನಮ್ಮವರು, ಒಂದು ಫೋನು ಹಚ್ಚಿ ಕೇಳಿ ಎಂದು ಅಂಗಲಾಚಿದರು. ಡ್ರೈವರು ಫೋನು ಹಚ್ಚಿ ಅಪ್ಪನ ಕೈಗೇ ಕೊಟ್ಟ. ಯಾರು ಮಾತಾಡುತ್ತಿರುವುದೆಂದು ತಾವು ಅಪ್ಪನನ್ನು ಅಂದು ಕೇಳಿದ್ದು ಹಿಂದಿಯಲ್ಲಿ: "ಕೌನ್ ಬೋಲ್ ರಹಾ ಹೈ?"

ಮಾನ್ಯರೇ, ಕೆರೆಸಿದ್ದನ್ನು ನಾನು ಒಂದು ದಿನ ಮರೆತರೂ ಮರೆತೇನು, ಆ ಹಿಂದಿಯನ್ನು ಮರೆಯಲಾರೆ.

ಈಗ ಅಲ್ಲಿ ಏನಿದೆ? ಕುಂಡದಲ್ಲಿಟ್ಟಂಥ ತಾಳೆಗಿಡಗಳಿವೆ, ಅವುಗಳ ಮೇಲೆ ಒಂದು ಹುಳವೂ ಕೂರುವುದಿಲ್ಲ. ಟ್ಯಾಂಕರಿನ ನೀರು ಕುಡಿದು ಬದುಕಿರುವ ಲಾನು ಇದೆ. ನಡುವೆ ಸಿಮೆಂಟಿನ ಬತುಕಮ್ಮ ಇದ್ದಾಳೆ, ಜೆಸಿಬಿ ಹೋದ ವಾರದಲ್ಲೇ ಅವಳನ್ನು ತಂದು ನಿಲ್ಲಿಸಿ ಮೈಗೆ ಹಳದಿ ಬಣ್ಣ ಬಳಿದು ಪ್ಲಾಸ್ಟಿಕ್ ಹೂವು ಅಂಟಿಸಿದ್ದೀರಿ. ಪಕ್ಕದಲ್ಲೇ ಫಲಕ: ಹೂವುಗಳನ್ನು ಕೀಳಬಾರದು. ಕಿತ್ತವರು ಬೇರೆ, ಫಲಕ ಓದುವವರು ಬೇರೆ. ಗೇಟಿಗೆ ಬೀಗ. ಹೆಂಗಸರು ಕಳೆದ ದಸರೆಗೆ ಮಾರುಕಟ್ಟೆಯಿಂದ ಬಾಡಿದ ತಂಗಡಿ ತಂದರು. ದೀಪಾವಳಿಗೆ ನಮ್ಮ ಪಾಂಡವರು ಬೋಳು ತಲೆಯಲ್ಲಿ ಕೂತರು. ಗದಿಗೆಮ್ಮ ಅವರ ಮುಂದೆ ದೀಪ ಹಚ್ಚಿ, "ಈ ವರ್ಷ ವನವಾಸ ಅಂತ ತಿಳ್ಕೋರಪ್ಪಾ" ಅಂದಳು.

ಯಾದಮ್ಮ ಅಪ್ಪನನ್ನು ಬೈಯಲಿಲ್ಲ. ಹಾಲಿನ ಕ್ಯಾನು ಹಿಡಿದು ಎದುರಾದಾಗ ತೆಲುಗಿನಲ್ಲಿ ಒಂದೇ ಮಾತು ಹೇಳಿದಳು, ನಿಮ್ಮೂರಿನವನೇ ಅಲ್ಲವೇ ಎಂದು. ಅಂದಿನಿಂದ ಅಪ್ಪ ಯಾದಮ್ಮನ ಮನೆ ಮುಂದೆ ಹಾಯುವುದಿಲ್ಲ. ಔಷಧಿ ಅಂಗಡಿಗೆ ರೈಲ್ವೆ ಗೋಡೆಯ ಪಕ್ಕದಿಂದ ಸುತ್ತಿ ಹೋಗುತ್ತಾರೆ. ಹಾಲು ಪ್ಯಾಕೆಟ್ಟಿನದು ಬರುತ್ತದೆ. ಮನೆಯಲ್ಲಿ ನಾವು ಕನ್ನಡ ಮಾತಾಡಿದರೆ ಕಿಟಕಿ ಮುಚ್ಚುತ್ತಾರೆ. ತಮ್ಮ ಹಸಿರೀಕರಣದ ವರದಿಯಲ್ಲಿ ಇದಕ್ಕೊಂದು ಅಂಕಣವಿದೆಯೇ?

ಈಗ ನಾವು ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಸೇಡು ಕಳೆದ ವರ್ಷವೇ ಶುರುವಾಗಿದೆ, ತಮಗೆ ತಿಳಿದಿಲ್ಲ ಅಷ್ಟೇ. ಬತುಕಮ್ಮನ ಸುತ್ತ ಚಪ್ಪಾಳೆ ತಟ್ಟಿ ತಿರುಗುವಾಗ ಹೆಂಗಸರು ಹಳೆಯ ಹಾಡುಗಳ ಜೊತೆ ಹೊಸದನ್ನೂ ಕಟ್ಟುತ್ತಾರೆ. ನನಗೆ ಹಾಡಲು ಬಾರದು, ಬರೆಯಲು ಬರುತ್ತದೆ. ಯಾದಮ್ಮ ಧಾಟಿ ಹೇಳಿದಳು, ನಾನು ತೆಲುಗಿನಲ್ಲಿ ಸಾಲು ಕೂರಿಸಿದೆ. ಕನ್ನಡದಲ್ಲಿ ಅದರ ತಾತ್ಪರ್ಯ ಹೀಗೆ:

ಕಬ್ಬಿಣದ ಆನೆ ತಂದ ದೊರೆಯೇ, ಉಯ್ಯಾಲೋ,
ತಾಯಿಯ ಜಡೆಯ ಬೋಳಿಸಿದ ದೊರೆಯೇ, ಉಯ್ಯಾಲೋ,
ಬಣ್ಣದ ಸುಳ್ಳು ಹೂವು ಮುಡಿಸಿದ ದೊರೆಯೇ, ಉಯ್ಯಾಲೋ,
ನಿನ್ನ ಅಂಗಳದಲ್ಲಿ ಹುಲ್ಲೂ ಹುಟ್ಟದಿರಲಿ, ಉಯ್ಯಾಲೋ.

ಗದಿಗೆಮ್ಮನ ತಂಗಿ ಸುಗಲಮ್ಮ, ಯಾದಮ್ಮನ ಹಾಡುಗಳನ್ನೆಲ್ಲ ಕಲಿತವಳು, ಮಣಿಕೊಂಡದಲ್ಲಿ ಮನೆಗೆಲಸ ಮಾಡುತ್ತಾಳೆ. ತಾವಿರುವ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಯ ಹೆಂಗಸರಿಗೆ ರೇಷ್ಮೆ ಸೀರೆ ಇದೆ, ಹಾಡು ಬಾರದು. ಹಾಗಾಗಿ ಪ್ರತಿ ವರ್ಷ ಹಾಡು ಹೇಳಿಕೊಡಲು ಸುಗಲಮ್ಮನನ್ನೇ ಮುಂದೆ ನಿಲ್ಲಿಸುತ್ತಾರೆ. ಕಳೆದ ವರ್ಷ ಆಕೆ ಹೇಳಿಕೊಟ್ಟದ್ದು ಇದನ್ನು. ತಮ್ಮ ಮನೆಯವರು ಚಪ್ಪಾಳೆ ತಟ್ಟುತ್ತ ಪ್ರತಿ ಸಾಲನ್ನೂ ತಿರುಗಿ ಹಾಡಿದರು. ತಾವು ಕೆಳಗಿಳಿದು ಬಂದು ಮೊಬೈಲಿನಲ್ಲಿ ಚಿತ್ರ ತೆಗೆದು, "ಹಳೀ ಕಾಲದ ಹಾಡು, ಭಾಳ ಚೊಲೋ ಐತಿ" ಎಂದು ಸುಗಲಮ್ಮನ ಕೈಗೆ ಸಿಹಿ ಕೊಟ್ಟಿರಿ. ಆಕೆ ಆ ಸಿಹಿಯನ್ನು ಸನತ್‌ನಗರಕ್ಕೆ ತಂದಳು. ಎಲ್ಲರೂ ಹಂಚಿಕೊಂಡು ತಿಂದೆವು. ನಾನೂ ತಿಂದೆ. ರುಚಿಯಾಗಿತ್ತು.

ಆದರೆ ಹಾಡಿನಿಂದ ಗಿಡ ಬರುವುದಿಲ್ಲ. ಗಿಡ ತಾನಾಗಿಯೇ ಬರುತ್ತಿದೆ. ತಂಗಡಿಯ ಬೇರು ಬಂಡೆಯ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ, ಜೆಸಿಬಿಯ ಹಲ್ಲಿಗೆ ಅಷ್ಟು ಉದ್ದವಿಲ್ಲ. ದೊಡ್ಡ ಬಂಡೆಯ ಪಡುವಣದ ಬುಡದಲ್ಲಿ ಚಿಗುರು ಎದ್ದಿರುವುದನ್ನು ಗದಿಗೆಮ್ಮ ಗೇಟಿನ ಸರಳುಗಳ ನಡುವಿಂದ ಕಂಡು ಬಂದು ಹೇಳಿದಳು. ಒಂದು ಮುಂಗಾರು ಸಿಕ್ಕರೆ ಅವು ನಿಲ್ಲುತ್ತವೆ. ತಾವು ಟೈಲ್ಸ್ ಹಾಸಲು ಹೊರಟಿರುವುದು ಸರಿಯಾಗಿ ಅವುಗಳ ಮೇಲೆ. ಹಾಸಿದರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಮತ್ತೆ ಏಳುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ. ಟೈಲ್ಸನ್ನು ತಂದ ಲಾರಿಯಲ್ಲೇ ತಿರುಗಿ ಕಳಿಸಿ. ಗೇಟಿನ ಕೀಲಿಕೈಯನ್ನು ಯಾದಮ್ಮ ಮತ್ತು ಗದಿಗೆಮ್ಮನ ಕೈಗೆ ಕೊಡಿ. ಲಾನಿಗೆ ನೀರು ನಿಲ್ಲಿಸಿ, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಆಮೇಲೆ ಒಂದು ಭಾನುವಾರ, ಹೆಂಗಸರೆಲ್ಲ ಮನೆಯಲ್ಲಿರುವ ಹೊತ್ತಿಗೆ, ಜೀಪಿನಿಂದ ಇಳಿದು ನಮ್ಮ ಓಣಿಯಲ್ಲಿ ನಡೆದು ಬಂದು, ಬೂದೆಪ್ಪನವರು ಮೋಸ ಮಾಡಿದವರಲ್ಲ, ಮೋಸ ಹೋದವರು ಎಂದು ಯಾದಮ್ಮನ ಮನೆ ಮುಂದೆ ನಿಂತು ಹೇಳಿ. ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕ್ಷಮೆ ಕೇಳಬೇಡಿ. ಅದು ತಮಗೆ ಅಗ್ಗವಾಗಿ ಬರುವ ವಸ್ತು.

ಆಗದಿದ್ದರೆ ಬೇಡ. ಈ ಪತ್ರದಲ್ಲಿ ತಮ್ಮ ಹೆಸರು ಬರೆದಿಲ್ಲ. ಹಾಡಿನಲ್ಲೂ ಸದ್ಯಕ್ಕೆ ದೊರೆಯೇ ಎಂದಷ್ಟೇ ಇದೆ. ಆ ಜಾಗದಲ್ಲಿ ತಮ್ಮ ಹೆಸರನ್ನು ಇಟ್ಟು ನೋಡಿದ್ದೇನೆ, ಚಪ್ಪಾಳೆಯ ತಾಳ ಸ್ವಲ್ಪವೂ ತಪ್ಪುವುದಿಲ್ಲ. ಟೈಲ್ಸ್ ಬಿದ್ದರೆ ಈ ನವರಾತ್ರಿಗೆ ಸುಗಲಮ್ಮ ಹಾಗೆಯೇ ಹೇಳಿಕೊಡುತ್ತಾಳೆ. ತಾವು ವರ್ಗವಾಗಿ ಹೋಗಬಹುದು, ನಿವೃತ್ತರಾಗಬಹುದು. ಬಾಯಿಗೆ ಕೂತ ಹಾಡನ್ನು ಕೆರೆಸುವ ಯಂತ್ರ ತಮ್ಮ ಇಲಾಖೆಯಲ್ಲಿ ಇಲ್ಲ. ಮುಂದೊಂದು ದಿನ ತಮ್ಮ ಮೊಮ್ಮಗಳು ಹೂವಿನ ಸುತ್ತ ತಿರುಗುತ್ತ ಆ ಸಾಲನ್ನು ಹಾಡಿ, ಮನೆಗೆ ಬಂದು ಕೇಳುತ್ತಾಳೆ: ತಾತಾ, ಈ ಹೆಸರಿನವನು ಯಾರು, ಅವನೇನು ಮಾಡಿದ್ದ?

ಇಂತಿ,
ತಮ್ಮೆದುರು ಬಾಯಿ ಬಾರದೆ ಪತ್ರಿಕೆಯ ಬಾಯಿ ಹಿಡಿಯಬೇಕಾಗಿ ಬಂದ
ಬೂದೆಪ್ಪನವರ ಮಗಳು ಶಾಂಭವಿ
ಸನತ್‌ನಗರ, ಹೈದರಾಬಾದ್