ಠಾಣೆಯ ಮುಂದಿನ ದಾರಿ

ತಮ್ಮ ಲಕ್ಕಪ್ಪಾ,

ನಿನ್ನ ಮಗ ಮಾಳುವನ್ನು ಕುರಿಕಳ್ಳನೆಂದು ಪೊಲೀಸರು ಠಾಣೆಯಲ್ಲಿ ಬಡಿದಿದ್ದರು. ದಿಲ್ಲಿಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ಅರ್ಜಿ ಬರೆದು ಗೋಕಾಕದ ಅಂಚೆಗೆ ಹಾಕಿ ಬಂದಿದ್ದೆ. ಶಿಕ್ಷೆ ಕೊಡುವ ಅಧಿಕಾರ ಅವರಿಗಿಲ್ಲವಂತೆ. ಆದರೆ ಅವರು ಕೇಳಿದರೆ ಪೊಲೀಸರು ಉತ್ತರ ಕೊಡಲೇಬೇಕಂತೆ. ಆಯೋಗ ಕೇಳಿತೆಂದು ನಿನ್ನೆ ಪೊಲೀಸರ ದೊಡ್ಡ ಸಾಹೇಬರೇ ಮನೆಗೆ ಬಂದರು.

ನಿನ್ನ ಹೆಂಡತಿ ಸತ್ತೆವ್ವ ಕಂಬಳಿ ಹಾಸಿ, "ಬೂಟ ಬಿಚ್ಚಿ ಕುಂದರ್ರಿ ಸಾಹೇಬ್ರ. ಇದರ ಮ್ಯಾಲ ಕುಂತವರು ಸುಳ್ಳ ಹೇಳಂಗಿಲ್ಲ, ಬರಿಯಂಗೂ ಇಲ್ಲ" ಅಂದಳು.

ಸಾಹೇಬರು ನಕ್ಕು ಬೂಟು ಬಿಚ್ಚಿದರು. "ಹೆದರಬ್ಯಾಡೋ, ಏನಾತು ಹೇಳು."

ಮಾಳು ಎಲ್ಲ ಹೇಳಿದ. ಕಳವಿನ ಕೇಸು ಸುಳ್ಳೆಂದು ಬರೆದುಕೊಂಡು ಹೋದರು.

ನಿನ್ನ ಹೆಣವನ್ನು ಅದೇ ಠಾಣೆಯಿಂದ ಹೊತ್ತು ತಂದಾಗ ಇಂಥ ಆಯೋಗ ಇರಲಿಲ್ಲ, ತಮ್ಮಾ.

ಇಷ್ಟು ದಿನ ಗುಡ್ಡ ಬಳಸಿ ಹೋಗುತ್ತಿದ್ದ ಮಾಳು, ಇಂದು ಠಾಣೆಯ ಮುಂದಿನಿಂದಲೇ ಕುರಿ ಹೊಡೆದುಕೊಂಡು ಹೋದ.